ಕಡಲೆಕಾಯಿ ಕೀಳಲು ಬಂದ ನೆಂಟರು

ಕೈಯಿಂದ ಕಾಸು ಕೊಟ್ಟು ಕಡಲೆಕಾಯಿ ಕೀಳುವ ಜನ ಈ ಭೂಮಂಡಲದಲ್ಲಿ ಇರಲು ಸಾಧ್ಯವೇ ಇಲ್ಲವೆಂದು ಹೇಳಿದವರು ನಮ್ಮ ದೊಡ್ಡಪ್ಪ ಹನುಮಂತರಾಯಪ್ಪ. ಜಗಲಿಯ ಮೇಲೆ ಕೂತು, ವೀಳ್ಯದೆಲೆಗೆ ಸುಣ್ಣ ಸವರುತ್ತ, ಹವಾಮಾನ ಇಲಾಖೆಯವರಿಗೂ ಇಲ್ಲದ ಖಚಿತತೆಯಿಂದ ಹೇಳಿದರು: "ಕೂಲಿ ಕೊಟ್ಟು, ಊಟ ಇಕ್ಕಿ, ಕೈ ಮುಗುದ್ರೂ ಆಳು ಬರಕಿಲ್ಲ. ಅಂತಾದ್ರಲ್ಲಿ ಪ್ಯಾಟೆಯೋರು ತಾವೇ ಕಾಸು ಕೊಟ್ಟು ಕಳ್ಳೆಕಾಯಿ ಕೀಳಕ್ಕೆ ಬತ್ತಾರಂತೆ. ಬುಡು ಕಣಮ್ಮ, ಯಾರೋ ನಿನ್ ತಲೆ ಕೆಡಿಸವ್ರೆ."

ದೊಡ್ಡಪ್ಪನ ಭವಿಷ್ಯವಾಣಿಗಳನ್ನು ನಾನು ಎಂದೂ ಹಗುರವಾಗಿ ತೆಗೆದುಕೊಂಡವಳಲ್ಲ. ಅವು ಸುಳ್ಳಾಗುವಾಗ ಸಿಗುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ನಾನು ಮಧುಗಿರಿಯ ಕಾಲೇಜಿಗೆ ಸೇರಿದಾಗ, "ಬಸ್ ಪಾಸು ಮುಗಿಯೋ ಗಂಟ ಓಗ್ತಾಳೆ, ಆಮ್ಯಾಕೆ ಮನೇಲಿರ್ತಾಳೆ" ಎಂದಿದ್ದರು. ಪಾಸು ಮುಗಿಯಿತು, ಹೊಸ ಪಾಸು ಮಾಡಿಸಿದೆ. ಅದೂ ಮುಗಿಯಿತು, ಇನ್ನೊಂದು ಮಾಡಿಸಿದೆ. ನಮ್ಮ ವಂಶದಲ್ಲಿ ಹತ್ತನೇ ತರಗತಿಯ ಹೊಸ್ತಿಲು ದಾಟಿದವರು ಯಾರೂ ಇರಲಿಲ್ಲ. ದಾಟಲು ಹೋದವರನ್ನು ಗಣಿತ ಮಹಾಶಯ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ್ದ. ಮನೆಯಲ್ಲಿ ಓದುವುದಕ್ಕೆ ಜಾಗವಿಲ್ಲದೆ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲೇ ಚರಿತ್ರೆಯನ್ನೆಲ್ಲ ಓದಿ ಮುಗಿಸಿದ ನಾನು ಆ ವಂಶದ ಪ್ರಪ್ರಥಮ ಬಿ.ಎ. ಈ ಮಾತನ್ನು ಸಂದರ್ಭವಿದ್ದರೂ ಇಲ್ಲದಿದ್ದರೂ ನಾನು ಹೇಳುತ್ತೇನೆ. ತಾತನ ಕಾಲದಿಂದ ಪದವೀಧರರಾದವರು ನಕ್ಕುಬಿಡಬಹುದು, ಅಡ್ಡಿಯಿಲ್ಲ. ಅವರಿಗೆ ಅದು ಮನೆಯ ಹಳೆಯ ಪಾತ್ರೆ, ನನಗೆ ಇನ್ನೂ ಹೊಳಪು ಮಾಸದ ಹೊಸ ಬಿಂದಿಗೆ.

ಡಿಗ್ರಿಯಾದ ಮೇಲೆ ಕೆಲಸ ಸಿಕ್ಕಿದ್ದು ಕೊರಟಗೆರೆಯ ಆಚೆ, ಮುಖ್ಯರಸ್ತೆ ಬಿಟ್ಟು ಮಣ್ಣಿನ ದಾರಿಗೆ ಹೊರಳಿದರೆ ಸಿಗುವ ಒಂದು ಹಳ್ಳಿಗಾಡಿನ ಹೋಟೆಲಿನಲ್ಲಿ. ಹೋಟೆಲೆಂದರೆ ಇಡ್ಲಿ ವಡೆಯದಲ್ಲ. ಹೆಂಚಿನ ಮಾಡಿನ ಕೆಲವು ಕೋಣೆಗಳು, ಮುಂದೊಂದು ಮಾವಿನ ತೋಪು, ಕಿಟಕಿ ತೆರೆದರೆ ಚನ್ನರಾಯನದುರ್ಗದ ಬೆಟ್ಟ. ಪೇಟೆಯ ಜನ ಶುಕ್ರವಾರ ಸಂಜೆ ಬಂದು, ಭಾನುವಾರ ಮಧ್ಯಾಹ್ನ ಹೊರಡುತ್ತಾರೆ. ನನ್ನ ಕೆಲಸ ಅವರು ಬಂದಾಗ ಕೀಲಿಕೈ ಕೊಡುವುದು, ಹೋಗುವಾಗ ಇಸಿದುಕೊಳ್ಳುವುದು. ಕೋಟೆಗಳ ಬಾಗಿಲು ಯಾರು ಯಾವಾಗ ಒಡೆದರೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳಿಗೆ ಬಾಗಿಲುಗಳ ಸಹವಾಸ ಈ ರೂಪದಲ್ಲಿ ಮುಂದುವರಿಯಿತು.

ಅತಿಥಿಗಳು ಶನಿವಾರ ಮಧುಗಿರಿ ಬೆಟ್ಟ ಹತ್ತುತ್ತಿದ್ದರು. ಭಾನುವಾರ ಮಂಡಿಗೆ ಮುಲಾಮು ಸವರಿಕೊಳ್ಳುತ್ತ ನನ್ನ ಮೇಜಿನ ಬಳಿ ಬಂದು, "ಇಲ್ಲಿ ಇನ್ನೇನಿದೆ?" ಎಂದು ಕೇಳುತ್ತಿದ್ದರು. ಇನ್ನೇನಿದೆ ಎಂಬ ಆ ಪ್ರಶ್ನೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡವೆಂಬ ನನ್ನ ನಾಲ್ಕೂ ತಾಲ್ಲೂಕುಗಳಿಗೆ ಮಾಡಿದ ಅವಮಾನದಂತೆ ನನಗೆ ಕೇಳಿಸುತ್ತಿತ್ತು. ಒಂದು ದಿನ ತಡೆಯಲಾರದೆ ಹೋಟೆಲಿನ ಮಾಲೀಕರಾದ ಶ್ರೀಕಂಠಯ್ಯನವರ ಮುಂದೆ ನಿಂತು, ಒಂದೊಂದು ಋತುವಿಗೂ ಒಂದೊಂದು ತಿರುಗಾಟ ಮಾಡೋಣ ಸಾರ್ ಎಂದೆ. ಅವರು ಕನ್ನಡಕ ಮೇಲೇರಿಸಿ, "ನಮ್ ಕಡೆ ಕಾಲ ಇರೋದೇ ಎರಡು ಕಣಮ್ಮ. ಒಂದು ಬಿಸಿಲು, ಇನ್ನೊಂದು ಜಾಸ್ತಿ ಬಿಸಿಲು" ಎಂದರು. ಆದರೂ ವ್ಯಾನು ಕೊಟ್ಟರು. ಅದನ್ನು ಓಡಿಸಲು ಶಿರಾದ ನಯಾಜ್ ಭಾಯಿಯನ್ನೂ ಕೊಟ್ಟರು.

ಆ ವ್ಯಾನು ಹತ್ತಿದ ಮೇಲೆ ನನ್ನ ಉತ್ಸಾಹಕ್ಕೆ ಬ್ರೇಕೇ ಇರಲಿಲ್ಲ. ಬೇಸಿಗೆಯಲ್ಲಿ ಶಿರಾ ಕಡೆಯ ಕಗ್ಗಲಡುವಿಗೆ ಹೋದೆವು. ಊರೊಳಗಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳು ಮದುವೆಮನೆಯ ಬೀಗರಂತೆ ಜಾಗಕ್ಕಾಗಿ ಗಲಾಟೆ ಮಾಡುತ್ತ ಕೂತಿದ್ದವು. ಕೆಳಗೆ ನಿಂತು ಬಾಯ್ದೆರೆದು ನೋಡುತ್ತಿದ್ದ ಒಬ್ಬ ಮಹನೀಯರ ಬಿಳಿ ಅಂಗಿಯ ಮೇಲೆ ಮೇಲಿನಿಂದ ಪ್ರಸಾದ ಬಿದ್ದಾಗ ನಯಾಜ್ ಭಾಯಿ ಗಂಭೀರವಾಗಿ, "ಬರ್ಕತ್, ಅದೃಷ್ಟ ಅನ್ಕೊಳ್ಳಿ ಸಾರ್, ಎಲ್ರಿಗೂ ಬೀಳಲ್ಲ" ಎಂದು ನೀರಿನ ಬಾಟಲಿ ಕೊಟ್ಟರು. ಮಳೆ ಬಿದ್ದು ಹಸಿರಾದಾಗ ಮೈದನಹಳ್ಳಿಯ ಹುಲ್ಲುಗಾವಲಿಗೆ ನಸುಕಿನಲ್ಲೇ ಹೋದೆವು. ಕೃಷ್ಣಮೃಗಗಳ ಹಿಂಡು ನೆಲ ತನಗೆ ಬೇಡವೆಂಬಂತೆ ಪುಟಿಯುತ್ತ ಓಡಿದಾಗ ದಾರಿಯುದ್ದಕ್ಕೂ ಫೋನಿನಲ್ಲಿ ಮಾತಾಡುತ್ತಿದ್ದವರು ಸಹ ಫೋನನ್ನು ಕಿವಿಯಿಂದ ಇಳಿಸಿದರು. ಪಾವಗಡದ ಸೋಲಾರ್ ಹಲಗೆಗಳನ್ನು ದೂರದಿಂದ ಕಂಡು, ಇಷ್ಟು ದೊಡ್ಡ ಕೆರೆಯಲ್ಲಿ ದೋಣಿ ಇಲ್ಲವೇ ಎಂದು ಕೇಳಿದವರಿದ್ದಾರೆ. ನಮ್ಮ ಬಿಸಿಲಿನ ಕೆರೆ ಅದು, ಮುಳುಗುವುದಕ್ಕಾಗುವುದಿಲ್ಲ ಎಂದೆ. ಈಗಲೂ ಆ ಉತ್ತರ ನೆನೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಆದರೆ ನನ್ನ ಉತ್ಸಾಹದಿಂದ ವ್ಯಾನು ಓಡುವುದಿಲ್ಲ, ಡೀಸೆಲ್ಲಿನಿಂದ ಓಡುತ್ತದೆ. ಸೀಟುಗಳು ಕೆಲವು ವಾರ ತುಂಬುತ್ತಿದ್ದವು, ಕೆಲವು ವಾರ ನಯಾಜ್ ಭಾಯಿ, ನಾನು ಮತ್ತು ಒಂದು ಜೋಡಿ ನವದಂಪತಿ ಮಾತ್ರ. ಶ್ರೀಕಂಠಯ್ಯನವರು ಕೊನೆಗೊಂದು ದಿನ ಹೇಳಿದರು: "ಹೊಲದಲ್ಲಿ ಕಡಲೆಕಾಯಿ ಕೀಳಿಸೋ ದಿನ ಅಂದ್ಯಲ್ಲ, ಅದೊಂದು ನೋಡ್ತೀನಿ. ನಾನೂ ಜೊತೆಗೆ ಬರ್ತೀನಿ. ಜನ ಖುಷಿಯಾಗಿ ಹೋದ್ರೆ ವರ್ಷಪೂರ್ತಿ ತಿರುಗಾಟದ ಕೆಲಸ ನಿಂದು. ಇಲ್ಲಾಂದ್ರೆ ಸೋಮವಾರದಿಂದ ಮತ್ತೆ ಕೀಲಿಕೈ." ನಾನು ಆಗಲಿ ಸಾರ್ ಎಂದೆ. ಆಮೇಲೆ ಅಡುಗೆಮನೆಯ ಹಿಂದೆ ಹೋಗಿ ಒಂದು ಚೊಂಬು ನೀರು ಕುಡಿದೆ.

ಹೊಲ ದೊಡ್ಡಪ್ಪನದು. ಯಾರೂ ಬರುವುದಿಲ್ಲವೆಂಬ ಭರವಸೆಯಲ್ಲೇ ಅವರು ಒಂದು ಮೂಲೆಯ ಸಾಲುಗಳನ್ನು ಕೀಳದೆ ಬಿಡಲು ಒಪ್ಪಿದ್ದರು. ಹಿಂದಿನ ವಾರದ ಮಳೆಗೆ ಕೆಂಪುಮಣ್ಣು ಹದಕ್ಕೆ ಬಂದಿತ್ತು. ಗಿಡ ಹಿಡಿದೆಳೆದರೆ ಕಾಯಿ ಮಣ್ಣಲ್ಲಿ ಉಳಿಯದೆ ಗೊಂಚಲಾಗಿ ಬರುವ ಹದ ಅದು. ವ್ಯಾನು ತುಂಬ ಜನ. ಅಗಲ ಟೊಪ್ಪಿಗೆ, ಕೈಗೆ ಗ್ಲೌಸು, ಕಾಲಿಗೆ ಬೂಟು. ಕಡಲೆಕಾಯಿಗಲ್ಲ, ಚಿನ್ನದ ಗಣಿಗೆ ಇಳಿಯುವವರಂತೆ ಸಜ್ಜಾಗಿದ್ದರು. ಅವರು ಒಬ್ಬೊಬ್ಬರಾಗಿ ಇಳಿಯುವುದನ್ನು ದೊಡ್ಡಪ್ಪ ಬದುವಿನ ಮೇಲೆ ನಿಂತು ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸೋಲು ಒಪ್ಪಿಕೊಳ್ಳಲಿ ಎಂದು ಕಾದೆ. ಆದರೆ ಆ ಮುಖದಲ್ಲಿ ಮೂಡಿದ್ದು ಸೋಲಲ್ಲ, ಆತಿಥ್ಯ. ಅಲ್ಲಿಂದ ನನ್ನ ಕಷ್ಟ ಶುರುವಾಯಿತು.

ಎಲ್ಲಿಂದ ಬಂದವೋ, ಹೊಂಗೆಮರದ ಕೆಳಗೆ ಚಾಪೆಗಳು ಬಂದವು, ಎರಡು ಮಂಚ ಬಂದವು, ಶಾಮಿಯಾನ ಅಂಗಡಿಯ ಕೆಂಪು ಕುರ್ಚಿಗಳೂ ಬಂದವು. ಅತಿಥಿಗಳನ್ನೆಲ್ಲ ದೊಡ್ಡಪ್ಪ ಕೈಹಿಡಿದು ಕೂರಿಸಿದರು. ದೊಡ್ಡಮ್ಮ ಮಜ್ಜಿಗೆ ಕೊಟ್ಟರು. ಮಜ್ಜಿಗೆ ಮುಗಿದವರಿಗೆ ಕಾಫಿ ಕೊಟ್ಟರು. ಕಾಫಿ ಮುಗಿದವರಿಗೆ ಮತ್ತೆ ಮಜ್ಜಿಗೆ. ಅಷ್ಟರಲ್ಲಿ ದೊಡ್ಡಪ್ಪ ಪಂಚೆ ಎತ್ತಿಕಟ್ಟಿ, ಮನೆಯ ಹೆಂಗಸರನ್ನು ಕರೆದುಕೊಂಡು, ಅತಿಥಿಗಳಿಗೆಂದು ಬಿಟ್ಟಿದ್ದ ಸಾಲುಗಳನ್ನು ತಾವೇ ಸರಸರ ಕೀಳತೊಡಗಿದರು. ಯಾರಾದರೂ ಏಳಲು ನೋಡಿದರೆ ಅಲ್ಲಿಂದಲೇ ಕೂಗು: "ಕೂತ್ಕಳಿ ಸಾಮಿ, ಬಿಸ್ಲು. ನಾವ್ ಕಿತ್ತು ಸುಟ್ಟು ಬಿಡಿಸಿ ಕೊಡ್ತೀವಿ, ನೀವ್ ತಿನ್ನಿ." ಟೊಪ್ಪಿಗೆಗಳು ನೆರಳಿನಲ್ಲಿ ನಿರುದ್ಯೋಗಿಗಳಾಗಿ ಕೂತವು. ಅಂಚೆ ಕಚೇರಿಯಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿರುವ ಸುಶೀಲಮ್ಮ ನನ್ನನ್ನು ಹತ್ತಿರ ಕರೆದು, "ಕೂತು ತಿನ್ನೋದನ್ನ ನಾವು ಮನೇಲೂ ಮಾಡ್ತೀವಲ್ಲಮ್ಮ" ಎಂದರು. ಕುರ್ಚಿಯ ತುದಿಯಲ್ಲಿ ಕೂತಿದ್ದ ಶ್ರೀಕಂಠಯ್ಯನವರು ಗಡಿಯಾರ ನೋಡಿಕೊಂಡರು. ಸಾಲುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಜೊತೆಗೆ ನನ್ನ ಕೆಲಸವೂ.

ನಾನು ಹೊಲಕ್ಕೆ ಓಡಿದೆ. "ದೊಡ್ಡಪ್ಪ, ಅವರು ಕೀಳಕ್ಕೇ ಬಂದಿರೋದು. ನೀವು ಕಿತ್ತರೆ ನನ್ನ ಕೆಲಸ ಹೋಗುತ್ತೆ."

"ಲೇ, ನಿನ್ ಕೆಲ್ಸ ನಂಗೇನು ತಿಳೀತದೆ. ಮನೆ ಬಾಗ್ಲಿಗೆ ಬಂದ ನೆಂಟ್ರ ಕೈಲಿ ಬೆನ್ನು ಬಗ್ಗಿಸಿ ಕೆಲ್ಸ ಮಾಡಿಸ್ದ ಅಂದ್ರೆ ಊರೋರು ನನ್ ಮಕಕ್ಕೆ ಉಗೀತಾರೆ. ಆ ಯಮ್ಮಂಗೆ ನಮ್ಮಕ್ಕನ ವಯಸ್ಸು. ಓಗು, ಇನ್ನೊಂದಷ್ಟು ಮಜ್ಗೆ ಕೊಡು."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನ ಬಿ.ಎ.ಗೂ ಆಗಲಿಲ್ಲ. ಬದುವಿನ ಮೇಲೆ ನಿಂತು ಯೋಚಿಸಿದೆ. ಈ ಮನುಷ್ಯ ಯಾರ ಕೈಲಿ ಕೂಲಿ ಕೊಡದೆ, ನಾಚಿಕೆಪಡದೆ, ಬೈದಾದರೂ ಕೆಲಸ ಮಾಡಿಸುತ್ತಾರೆ? ಉತ್ತರ ಕಣ್ಣೆದುರಿಗೇ ಪಕ್ಕದ ಹೊಲದಲ್ಲಿತ್ತು. ಆ ಹೊಲದವರು ನಮ್ಮ ಕಳೆ ಕೀಳಲು ಬರುತ್ತಾರೆ, ನಾವು ಅವರ ರಾಗಿ ಕೊಯ್ಯಲು ಹೋಗುತ್ತೇವೆ; ನಡುವೆ ಕೂಲಿಯಿಲ್ಲ, ದಿನಕ್ಕೆ ದಿನ ತೀರುತ್ತದೆ. ಮುಯ್ಯಾಳು ಎನ್ನುತ್ತೇವೆ ನಾವು. ನನ್ನವ್ವನ ಅರ್ಧ ಆಯುಸ್ಸು ಹೀಗೆ ಮುಯ್ಯಿ ಮಾಡುವುದರಲ್ಲಿ, ತೀರಿಸುವುದರಲ್ಲಿ ಹೋಗಿದೆ.

"ಅವರು ನೆಂಟರಲ್ಲ ದೊಡ್ಡಪ್ಪ," ಎಂದೆ. "ಮುಯ್ಯಾಳು."

ದೊಡ್ಡಪ್ಪನ ಕೈ ಗಿಡದ ಮೇಲೇ ನಿಂತಿತು. ಸೊಂಟ ನೆಟ್ಟಗೆ ಮಾಡಿ ಹೊಂಗೆಮರದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ನಡೆದುಹೋಗಿ, ಸುಶೀಲಮ್ಮನ ಮುಂದೆ ನಿಂತು ಕೇಳಿದರು: "ತಾಯಿ, ಇವತ್ತು ನಮ್ಗೆ ಮುಯ್ಯಾಳಾಗಿ ಬತ್ತೀರಾ? ನೀವ್ ಒಂದಿನ ಮಾಡಿದ್ರೆ, ನಾವು ನಿಮ್ಮಲ್ಲಿಗೆ ಬಂದು ಒಂದಿನ ಮಾಡಿಕೊಡ್ತೀವಿ. ಒಪ್ಗೆ ಅಂದ್ರೆ ಏಳಿ."

ಸುಶೀಲಮ್ಮ ಎದ್ದೇಬಿಟ್ಟರು. "ಒಪ್ಪಿದೆ," ಎಂದರು. ಅವರ ಹಿಂದೆ ಟೊಪ್ಪಿಗೆಗಳೆಲ್ಲ ಎದ್ದವು.

ಆಮೇಲಿನ ದೊಡ್ಡಪ್ಪನನ್ನು ನೀವು ನೋಡಬೇಕಿತ್ತು. ಅರೆಗಳಿಗೆಯ ಹಿಂದೆ ಸಾಮಿ, ತಾಯಿ ಎನ್ನುತ್ತಿದ್ದ ಬಾಯಿ ಈಗ ಬೈಗುಳದ ಬುಗ್ಗೆಯಾಯಿತು. ಗಿಡದ ತಲೆ ಹಿಡಿದು ಎಳೆದು ಬುಡವನ್ನು ನೆಲದಲ್ಲೇ ಬಿಟ್ಟವರಿಗೆ, "ಜುಟ್ಟು ಇಡ್ಕಂಡ್ರೆ ಜುಟ್ಟೇ ಬರೋದು, ಬುಡಕ್ಕೆ ಕೈ ಆಕಿ", ಫೋಟೋಗೆ ನಗುತ್ತ ನಿಂತವರಿಗೆ, "ಅಲ್ ನಕ್ಕಂಡ್ ನಿಂತ್ರೆ ಸಾಲು ತಾನಾಗೇ ಮುಗೀತದಾ?" ಶ್ರೀಕಂಠಯ್ಯನವರು ಎರಡು ಗಿಡ ಕಿತ್ತು ಮಣ್ಣು ಕೊಡವದೆ ರಾಶಿಗೆ ಹಾಕಿದಾಗ, "ಯಾರಪ್ಪ ಅದು, ಹೊಲಾನೆಲ್ಲ ಕಿತ್ತು ಮನೆಗ್ ತಗೊಂಡೋಗ್ತೀರಾ?" ಎಂದರು. ನನ್ನ ಕೆಲಸ ಅಲ್ಲಿಗೇ ಮುಗಿಯಿತೆಂದುಕೊಂಡೆ. ನಮ್ಮ ಮಾಲೀಕರು ಮಾತ್ರ ತಪ್ಪು ಮಾಡಿದ ಶಾಲಾಬಾಲಕನಂತೆ ಗಿಡವನ್ನೆತ್ತಿ ಮೊಣಕಾಲಿಗೆ ಬಡಿದು ಬಡಿದು ಮಣ್ಣು ಉದುರಿಸಿದರು. ಬಿಳಿಯ ಪ್ಯಾಂಟು ಕೆಂಪಾಯಿತು. ಅವರು ಆ ಮಟ್ಟಿಗೆ ನಗುವುದನ್ನು ನಾನು ಅಂದೇ ಮೊದಲು ಕಂಡದ್ದು.

ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಜನ ಅರಳಿದರು. ಹಸಿಗಾಯಿ ಒಡೆದು ಬಾಯಿಗೆ ಹಾಕಿಕೊಂಡು ಹಾಲಿನಂಥ ಸಿಹಿಗೆ ಕಣ್ಣು ಮುಚ್ಚಿದರು. ಗ್ಲೌಸುಗಳು ಬದುವಿನ ಮೇಲೆ ಬಿದ್ದವು. ಒಣಸೊಪ್ಪಿಗೆ ಬೆಂಕಿ ಹಾಕಿ, ಅದರಲ್ಲಿ ಕಾಯಿ ಸುಟ್ಟು, ಬೂದಿಯಿಂದ ಆರಿಸಿ ಆರಿಸಿ ತಿಂದು, ಎಲ್ಲರ ತುಟಿಯ ಮೇಲೂ ಒಂದೊಂದು ಕಪ್ಪು ಮೀಸೆ ಮೂಡಿತು. ಮುದ್ದೆಗೆ ಹುಚ್ಚೆಳ್ಳಿನ ಚಟ್ನಿ ಹಚ್ಚಿಕೊಂಡು ಉಂಡವರಲ್ಲಿ ಯಾರು ಮನೆಯವರು, ಯಾರು ಹೋಟೆಲಿನವರು ಎಂದು ನಯಾಜ್ ಭಾಯಿಗೇ ಗೊತ್ತಾಗದೆ, ವ್ಯಾನಿಗೆ ಹತ್ತಿ ಎಂದು ನಮ್ಮ ಚಿಕ್ಕಮ್ಮನನ್ನು ಕರೆದರು. ನನಗೆ ಆಗ ಹೊಳೆಯಿತು: ಗೌರವಿಸಬೇಕಾದವರನ್ನು ನಾವು ಕೂರಿಸುತ್ತೇವೆ, ನಮ್ಮವರೆನಿಸಿದವರಿಗೆ ಕೆಲಸ ಹೇಳುತ್ತೇವೆ. ಪೇಟೆಯಿಂದ ಅಷ್ಟು ದೂರ ಬಂದವರು ಹುಡುಕುತ್ತಿದ್ದುದು ಕುರ್ಚಿಯನ್ನಲ್ಲ. ನಾನೂ ಓದುವಾಗಲೆಲ್ಲ ಹಂಬಲಿಸಿದ್ದು ನನ್ನನ್ನು ಯಾರಾದರೂ ಕೂರಿಸಲಿ ಎಂದಲ್ಲ, ನನ್ನ ಕೈಯಿಂದ ಏನೋ ಆಗುತ್ತದೆಂದು ನಂಬಲಿ ಎಂದೇ ಇರಬೇಕು.

ಕೈ ತೊಳೆಯುವಾಗ ಶ್ರೀಕಂಠಯ್ಯನವರು ನನ್ನ ಪಕ್ಕದಲ್ಲಿ ನಿಂತು ಕೇಳಿದರು: "ಹುಣಸೆ ಬಡಿಯೋದು ಯಾವ ತಿಂಗಳಮ್ಮ? ಅದಕ್ಕೆ ವ್ಯಾನು ಎರಡು ಬೇಕಾಗುತ್ತೇನೋ." ಕೀಲಿಕೈಗಳ ಕಡೆಗೆ ನಾನು ಇನ್ನು ಹೋಗಬೇಕಾಗಿಲ್ಲವೆಂದು ತಿಳಿಯಲು ಇಷ್ಟು ಸಾಕಾಯಿತು. ಮಾಗಿ ಕಳೆದ ಮೇಲೆ ಸಾರ್ ಎಂದೆ.

ಹೊರಡುವ ಹೊತ್ತಿಗೆ ನಾನು ಚೀಲದಿಂದ ಪ್ರಮಾಣಪತ್ರಗಳನ್ನು ತೆಗೆದೆ. ಇವರು ಕಡಲೆಕಾಯಿ ಕೀಳುವುದನ್ನು ಕಲಿತಿದ್ದಾರೆಂದು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿ, ಕೆಳಗೆ ನನ್ನ ರುಜು ಮಾಡಿದ್ದೆ. ದೊಡ್ಡಪ್ಪನೇ ಕೊಡಬೇಕೆಂದು ಎಲ್ಲರೂ ಹಟ ಹಿಡಿದರು. ಅವರು ಮೊದಲನೆಯದನ್ನು ಎರಡೂ ಕೈಯಲ್ಲಿ ಹಿಡಿದು ಸುಶೀಲಮ್ಮನಿಗೆ ಕೊಟ್ಟು, "ನಿಮ್ಮನೇಲಿ ಏನು ಕೆಲ್ಸ ಐತೆ ಏಳಿ ತಾಯಿ, ಯಾವತ್ತು ಬರಾನ?" ಎಂದು ಕೇಳಿದರು.

ಸುಶೀಲಮ್ಮ ನಕ್ಕು, "ನಾನಿರೋದು ಮೂರನೇ ಮಹಡೀಲಿ, ಹೊಲ ಇಲ್ಲ ತೋಟ ಇಲ್ಲ. ಒಂದು ಕುಂಡದಲ್ಲಿ ಕರಿಬೇವಿನ ಗಿಡ ಇದೆ ಅಷ್ಟೇ" ಎಂದರು.

"ಒಂದು ಗಿಡ ಆದ್ರೇನು, ಮುಯ್ಯಿ ಮುಯ್ಯೇ. ಬುಡ ಬಿಡಿಸಿ, ಗೊಬ್ರ ಆಕಿ ಬತ್ತೀನಿ," ಎಂದರು ದೊಡ್ಡಪ್ಪ. ಮತ್ತೆ ಆ ಕಾಗದದ ಕೆಳಗಿನ ರುಜುವಿನ ಮೇಲೆ ಮಣ್ಣಿನ ಬೆರಳಿಟ್ಟು ಹೇಳಿದರು: "ನಮ್ಮುಡ್ಗಿ ಕರ್ಕಂಬತ್ತಾಳೆ ಬುಡಿ. ಬಿ.ಎ. ಮಾಡವ್ಳೆ, ಅವ್ಳು ಏಳಿದ್ರೆ ಆಗ್ತದೆ."