ಚಾಚಾರ ದನಿ ನನ್ನ ಬಾಯಲ್ಲಿ

ನಾನು ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಅವರದು ಪ್ಯಾಂಟು ಹೊಲಿಯುವ ಅಂಗಡಿ. ಆಟವಿದ್ದ ದಿನ ಮಾತ್ರ ಅಂಗಡಿಗೆ ಬೀಗ, ಕೈಯಲ್ಲಿ ರೇಡಿಯೋದವರ ಮೈಕು.

ಅವರ ಹರೆಯದಲ್ಲಿ ರೇಡಿಯೋದವರು ಮೊದಲ ಸಲ ಕುರುಗೋಡಿನ ಕುಸ್ತಿಯನ್ನು ನೇರ ಪ್ರಸಾರ ಮಾಡಲು ಬಂದಿದ್ದರಂತೆ. ವಿವರಣೆ ಹೇಳಬೇಕಾದವನ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಇತ್ತ ಪೈಲ್ವಾನರು ಮೈಗೆ ಮಣ್ಣು ಬಳಿದುಕೊಂಡು ಕಾಯುತ್ತಿದ್ದಾರೆ. ಕೊನೆಗೆ ಜನರ ನಡುವೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಇವರನ್ನೇ ಎಳೆದು ತಂದು ಮೈಕಿನ ಮುಂದೆ ಕೂರಿಸಿದರು. "ಕಣ್ಣ ಮುಚ್ಚಿ ಕೇಳ್ರಿ, ನೋಡಾಕ ನಾ ಅದೀನಿ" ಎಂದು ಇವರು ಶುರು ಹಚ್ಚಿಕೊಂಡರು. ಅಂದಿನಿಂದ ಕುಸ್ತಿ ಇರಲಿ, ಕಬಡ್ಡಿ ಇರಲಿ, ನಮ್ಮ ಸೀಮೆಯವರು ಕಣ್ಣು ಮುಚ್ಚಿಯೇ ನೋಡಿದರು.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ನಾನು ಅವರ ಬೆನ್ನು ಬಿದ್ದು ಜೊತೆಗಾರನಾದೆ. ಪಕ್ಕದಲ್ಲಿ ಕೂತು ಬೆರಳಿನಲ್ಲಿ ಅಂಕ ತೋರಿಸುವುದು, ಅವರು ನೀರು ಕುಡಿಯುವಾಗ ಒಂದೇ ಒಂದು ಸಾಲು ಅಂಕ ಹೇಳಿ ಬಾಯಿ ಮುಚ್ಚುವುದು. ಇಷ್ಟೇ ನನ್ನ ಪಾಲಿನ ಕೆಲಸ. ಚಹಾದಂಗಡಿಯಲ್ಲಿ ಮಾತ್ರ ನನ್ನದೇ ದರ್ಬಾರು. ಅವರ ಮುಂದೆಯೇ ಅವರ ದನಿ ಮಾಡಿ ಅಣಕಿಸುತ್ತಿದ್ದೆ. ಲುಂಗಿಯ ಮೇಲೆ ಚಹಾ ಚೆಲ್ಲಿಕೊಳ್ಳುವಷ್ಟು ನಗುತ್ತಿದ್ದರು, ಪಾಪ.

ಆಮೇಲೆ ಅದಿರಿನ ಕಾಲ ಬಂತು. ಗಣಿಯವರ ಕೈಯಲ್ಲಿ ದುಡ್ಡು ಕುಣಿಯತೊಡಗಿದಾಗ ಊರೂರಿಗೆ ಕಬಡ್ಡಿ ಪಂದ್ಯ, ಗೆದ್ದವರಿಗೆ ಮೋಟಾರ್ ಸೈಕಲ್. ಮೈದಾನದ ಪಕ್ಕದಲ್ಲೇ ಲಾರಿಗಳ ಸಾಲು. ಸಂಜೆಗೆ ಮೂಗೊರೆಸಿದರೆ ಕರ್ಚೀಪೆಲ್ಲ ಕೆಂಪು. ಆ ಧೂಳು ಚಾಚಾರ ಗಂಟಲಿಗೆ ಇಳಿಯಿತು. ಮಾತಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ ಮಾತು. ರೇಡಿಯೋಗೆ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಹೀಗಾದರೆ ಮುದುಕರನ್ನು ಕರೆಯುವುದಿಲ್ಲ, ಅದರ ಬದಲು ಚಿತ್ರಗೀತೆ ಹಾಕುತ್ತೇವೆ ಎಂದರು. ಚಾಚಾರಿಗೆ ಇದನ್ನು ಹೇಳಿದೆ. ಅವರು ಎರಡು ದಿನ ಅಂಗಡಿಯಲ್ಲಿ ಯಾರ ಜೊತೆಗೂ ಮಾತಾಡದೆ ಗಂಟಲು ಉಳಿಸಿಕೊಂಡರು.

ಮುಂದಿನ ಆಟ ಸಿರುಗುಪ್ಪದವರಿಗೂ ಕುರುಗೋಡಿನವರಿಗೂ. ಅರ್ಧ ಆಟ ಚೆನ್ನಾಗೇ ಸಾಗಿತು. ಕುರುಗೋಡಿನ ಹುಡುಗ ದಾಳಿಗೆ ಹೋಗಿ ಮೂವರ ಕೈಗೆ ಸಿಕ್ಕು ಒದ್ದಾಡುತ್ತಿದ್ದಾನೆ, ಚಾಚಾರಿಗೆ ಕೆಮ್ಮು ಬಂತು. ಟವೆಲಿನಲ್ಲಿ ಮುಖ ಹುದುಗಿಸಿ ಬಾಗಿಬಿಟ್ಟರು. ನಾನು ಮೈಕು ಎಳೆದುಕೊಂಡೆ. ಅಂಕ ಹೇಳಿ ಸುಮ್ಮನಿರಬೇಕಿತ್ತು. ಬಾಯಿ ತೆರೆದರೆ ಹೊರಬಂದದ್ದು ಚಾಚಾರ ದನಿ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ನಡೆಸು ಎಂಬಂತೆ ಒತ್ತಿದರು. ಕೊನೆಯ ಸೀಟಿಯವರೆಗೂ ನಾನೇ ಮಾತಾಡಿದೆ.

ಸಾಹೇಬರು ಫೋನ್ ಮಾಡಿ, ಮುದುಕರ ಗಂಟಲು ಹಳೆಯ ಲಯಕ್ಕೆ ಬಂತಲ್ಲ ಎಂದು ಹೊಗಳಿದರು. ಅವರ ಅನ್ನ ಉಳಿಸಿದೆ ಎಂದು ನಾನು ಎದೆಯುಬ್ಬಿಸಿಕೊಂಡು ತಿರುಗಿದೆ. ನಾಚಿಕೆಗೆಟ್ಟವನು ನಾನು. ನನಗೆ ಖುಷಿಯಾದದ್ದು ಅವರು ಉಳಿದರೆಂದಲ್ಲ, ನಾನು ಅಷ್ಟು ಚೆನ್ನಾಗಿ ಮಾತಾಡಿದೆನಲ್ಲ ಎಂದು.

ಅಲ್ಲಿಂದ ಪ್ರತಿ ಆಟಕ್ಕೂ ಇದೇ ಆಯಿತು. ಚಾಚಾ ತಮ್ಮ ಆ "ಕಣ್ಣ ಮುಚ್ಚಿ ಕೇಳ್ರಿ" ಮಾತು ಹೇಳಿ ಮೈಕು ನನ್ನ ಕಡೆ ಸರಿಸುವರು. ಆಮೇಲಾಮೇಲೆ ಆ ಮಾತನ್ನೂ ನಾನೇ ಹೇಳತೊಡಗಿದೆ. ಬಸ್ಸಿನಲ್ಲಿ ಜನ, ವಯಸ್ಸಾದರೂ ಏನು ದನಿ ಮಾರಾಯ ಎನ್ನುತ್ತಿದ್ದರೆ ಚಾಚಾ ಕಿಟಕಿಯಾಚೆ ನೋಡುತ್ತ ಕೂರುವರು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಆದರೂ ಕಿವಿ ಮಾತ್ರ ಆ ಹೊಗಳಿಕೆಯ ಕಡೆಗೇ.

ಒಂದು ಭಾನುವಾರ ಮಾತಾಡುತ್ತಲೇ ಅವರ ಕಡೆ ತಿರುಗಿದೆ. ನನ್ನ ಮಾತಿನ ಜೊತೆಜೊತೆಗೆ ಅವರ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಬಳ್ಳಾರಿಯಲ್ಲಿ ನಡೆದ ಮುಂದಿನ ಆಟಕ್ಕೆ, ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ಮೈಕನ್ನು ಅವರ ಮುಂದಿಟ್ಟೆ. ಮೊದಲು ಹೆದರಿದರು. ಆಮೇಲೆ ಮಾತಾಡಿದರು. ದನಿ ಒಡೆಯಿತು, ಕೆಮ್ಮಿದರು, ಎರಡು ದಾಳಿಗಳನ್ನು ಹೇಳದೆ ಬಿಟ್ಟು ಮತ್ತೆ ಹಿಂದೆ ಹೋಗಿ ಹೇಳಿದರು. ಆದರೆ ಆ ಹೊತ್ತಿಡೀ ಅವರ ಮುಖದ ಮೇಲಿದ್ದ ಕಳೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆಟ ಮುಗಿಯುತ್ತಲೇ ಸಾಹೇಬರ ಫೋನು. ನನ್ನ ಮೊಬೈಲಿನ ದನಿ ಅಕ್ಕಪಕ್ಕದವರಿಗೆಲ್ಲ ಕೇಳುವಷ್ಟು ಜೋರು. "ಯಾರ್ರೀ ಅವನು? ನಿಮ್ಮ ಚಾಚಾ ಎಲ್ಲಿ ಹೋಗಿದ್ರು? ಅವರ ದನಿ ಮಾಡಾಕ ಹೋಗಿ ಕುಲಗೆಡಿಸ್ಯಾನ."

ಅವರೇ ಮಾತಾಡಿದ್ದು ಎಂದರೆ ಇನ್ನು ಕರೆಯುವುದಿಲ್ಲ. ಅಲ್ಲ ಎಂದರೆ ಮತ್ಯಾರು ಎನ್ನಲಿ? ಚಾಚಾ ನನ್ನ ಕಿವಿಯ ಬಳಿ ಬಂದು ಪಿಸುಗುಟ್ಟಿದರು. "ಹೊಸಬ ಅಂತ ಹೇಳಲೇ. ಇನ್ನ ಮ್ಯಾಲ ಬರಂಗಿಲ್ಲ ಅನ್ನು."

ಹಾಗೆಯೇ ಹೇಳಿದೆ. ಅವರೆದುರಿಗೇ ಹೇಳಿದೆ.

ಚಾಚಾರ ಜೊತೆ ಅವರ ಮನೆಯವರೆಗೂ ಹೋದೆ. ಚಾಚಿ ಬಾಗಿಲಲ್ಲೇ ನಿಂತಿದ್ದರು. ಗಂಡನ ಕೈಯಿಂದ ಚೀಲ ತೆಗೆದುಕೊಳ್ಳುತ್ತ, "ಭಾಳ ದಿನಕ್ಕ ಇವತ್ತ ಮಾತಾಡಿದ್ರಿ" ಎಂದರು. ಚಾಚಾ ತಲೆಯಾಡಿಸಿ ಒಳಗೆ ಹೋದರು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಚಾಚಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನೀನೂ ಚಲೋ ಮಾತಾಡ್ತಿ, ತಮ್ಮಾ" ಎಂದರು. "ನಾನ ಕೇಳ್ತಿದ್ದಿಲ್ಲ. ನಿನ್ನ ಮಾತು ಶುರು ಆತಂದ್ರ ರೇಡಿಯೋ ಬಂದ್ ಮಾಡಿಬಿಡ್ತಿದ್ದೆ."

ಮುಂದಿನ ಆಟಕ್ಕೂ ಚಾಚಾರ ಹೆಸರಿಗೇ ಕರೆ ಬಂತು. ಅವರು ಬರಲಿಲ್ಲ. ನಾನು ಹೋದೆ. ಆ ಮನೆಯಲ್ಲಿ ರೇಡಿಯೋ ಬಂದಾಗಿದೆ ಎಂದು ಗೊತ್ತಿದ್ದೂ ಅವರ ದನಿಯಲ್ಲೇ ಮಾತಾಡಿದೆ.