ಮಾಸ್ಕ್ ಕಿತ್ತುಕೊಂಡವನು ನಾನು

ಅವತ್ತು ನೀರಿನಡಿ ಗಾಬರಿಯಾದವನು ನೀನಲ್ಲ ಖಾಜಾ, ನಾನು. ನಿನ್ನ ಮುಖದ ಮಾಸ್ಕ್ ಕಿತ್ತುಕೊಂಡವನೂ ನಾನೇ. ಇಷ್ಟು ಬರೆಯಲು ಇಷ್ಟು ವರ್ಷ ಹಿಡಿಯಿತು.

ಮುನಿರಾಬಾದಿನ ಆಚೆ, ನೀರು ತುಂಬಿದ ಹಳೆಯ ಕಲ್ಲುಗಣಿ. ನೀರೊಳಗಿನ ರಿಪೇರಿ ಮಾಡಿಸುವ ಗುತ್ತಿಗೆದಾರ ನಮ್ಮಿಬ್ಬರಲ್ಲಿ ಒಬ್ಬನನ್ನು ಕೆಲಸಕ್ಕೆ ಆರಿಸಲಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಅದರ ಕೊಳವೆ. ತಳದಲ್ಲಿ ಕೂತು, ಕಣ್ಣು-ಮೂಗು ಮುಚ್ಚುವ ಮಾಸ್ಕ್ ತೆಗೆದು, ಬಾಯಿಂದಲೇ ಉಸಿರಾಡುತ್ತ ಸಮಾಧಾನವಾಗಿರಬೇಕು — ಪರೀಕ್ಷೆ ಇಷ್ಟೇ. ನಮ್ಮೂರು ತಳಕಲ್ಲಿನ ಬಾವಿಗಳಲ್ಲಿ ಹಾರಿ ಬೆಳೆದವನಿಗೆ ಇದೇನು ಮಹಾ ಅಂದುಕೊಂಡೆ. ಮೊದಲ ಸರದಿ ನನ್ನದು. ನೀನು ಎದುರಿಗೆ ಕೂತಿದ್ದೆ.

ಆದರೆ ಬಾವಿ ಕಲಿಸಿದ್ದೇ ಬೇರೆ — ಮೂಗು ಹಿಡಿದು ಹಾರು, ಉಸಿರು ಬಿಗಿಹಿಡಿ, ಸಾಕಾದರೆ ಮೇಲಕ್ಕೆ ಚಿಮ್ಮು. ಮಾಸ್ಕ್ ತೆಗೆದದ್ದೇ ತಡ, ಮೂಗಿಗೆ ನೀರು ನುಗ್ಗಿತು. ಕಣ್ಣಿಗೆ ಬರೀ ರಾಡಿ. ಬಾಯಲ್ಲಿ ಗಾಳಿ ಇದ್ದೂ ನಾನು ಉಸಿರು ಬಿಗಿಹಿಡಿದೆ. ಕೈಲಿದ್ದ ಮಾಸ್ಕ್ ಜಾರಿತು, ಸಿಕ್ಕಿದ್ದು ನಿನ್ನದು — ಕಿತ್ತುಕೊಂಡು ನನ್ನ ಮುಖಕ್ಕೇರಿಸಿ ಮೇಲಕ್ಕೆ ಹೊರಟೆ. ಮೇಲೇರಿದಂತೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ; ಹಾಗೆ ಉಸಿರು ಹಿಡಿದು ಚಿಮ್ಮಿದ್ದರೆ ಶ್ವಾಸಕೋಶವೇ ಹರಿದುಹೋಗುತ್ತಿತ್ತು. ನೀನು ಕಣ್ಣು ಮುಚ್ಚಿಕೊಂಡೇ ನನ್ನ ಬೆಲ್ಟ್ ಹಿಡಿದೆ, ಎದೆ ತಟ್ಟಿದೆ. ನಾನು ಉಸಿರು ಬಿಟ್ಟ ಮೇಲೆ ನೀನೇ ನನ್ನನ್ನು ಮೆಲ್ಲಗೆ ಮೇಲೆ ಕರೆತಂದೆ.

ದಡದಲ್ಲಿದ್ದವರಿಗೆ ಕಂಡದ್ದು ಇಷ್ಟು — ನನ್ನ ಮುಖದ ಮೇಲೆ ಮಾಸ್ಕ್, ಬರಿಮುಖದಲ್ಲಿ ಕೆಮ್ಮುತ್ತಿರುವ ನೀನು.

"ಯಾಕ್ರಪಾ, ಏನಾತು?" ಎಂದರು ತರಬೇತಿ ಕೊಡುವ ಸಾಹೇಬರು.

"ಇಂವ ಗಾಬರಿ ಆಗಿದ್ದರಿ ಸರ. ನಾನ ಎಳಕೊಂಡು ಬಂದೆರಿ," ಅಂದೆ.

ಯಾರೂ ನನ್ನ ಬಾಯಿಗೆ ಆ ಮಾತು ತುರುಕಿರಲಿಲ್ಲ. ನೀನು ನನ್ನ ಮುಖ ನೋಡಿದೆ, ಬೆನ್ನಿನ ಸಿಲಿಂಡರ್ ಬಿಚ್ಚತೊಡಗಿದೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು: "ಒಳಗ ಉಸುರು ಹಿಡಿಬ್ಯಾಡಲೇ ಶರಣಾ. ಸಾಯ್ತಿ ಮತ್ತ."

ಕೆಲಸ ನನಗಾಯಿತು. ನಿನಗೆ ಅಂಜುಬುರುಕನೆಂಬ ಹೆಸರು. ಮಾಸ್ಕ್ ಇಲ್ಲದೆ ಕೂರುವುದನ್ನು ಹೊಸಬರಿಗೆ ಈಗ ಕಲಿಸುವವನು ನಾನೇ. ನಿನ್ನನ್ನು ಎತ್ತಿ ತಂದ ಕತೆ ಹೇಳೆಂದು ಅವರು ಗಂಟು ಬೀಳುತ್ತಾರೆ. ಬೇಡವೆಂದರೆ ವಿನಯ ಅಂದುಕೊಳ್ಳುತ್ತಾರೆ. ಹೊರಬರುವ ದಾರಿಯನ್ನು ನಾನೇ ಮುಚ್ಚಿಕೊಂಡು ಕೂತಿದ್ದೇನೆ.

ನೀನು ಕುಷ್ಟಗಿ ಕಡೆ ಬಾವಿಗೆ ಬಿದ್ದ ಮೋಟರು ತೆಗೆದುಕೊಡುತ್ತೀಯೆಂದು ಕೇಳಿದ್ದೆ — ಸಿಲಿಂಡರೂ ಇಲ್ಲದೆ. ಹೋದ ತಿಂಗಳು ಇನ್ನೊಬ್ಬ ಬೇಕೆಂದಾಗ ನಿನ್ನ ಹೆಸರು ಹೇಳಿದೆ. "ಅಂವ ಅಂಜ್ತಾನಲ್ಲಪಾ, ಬ್ಯಾಡ," ಅಂದ ಗುತ್ತಿಗೆದಾರ. ಆಗಲಾದರೂ ನಿಜ ಹೇಳಬಹುದಿತ್ತು — ಇಲ್ಲ, ಹೌದೆಂದು ತಲೆಯಾಡಿಸಿದೆ. ಮೊದಲಿನದು ಗಾಬರಿಯಲ್ಲಿ ಆಡಿದ ಸುಳ್ಳು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇದಕ್ಕೆ ಏನು ಹೇಳಲಿ? ಆಗ ನಾನು ಕುರ್ಚಿಯ ಮೇಲೆ ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದೆ.

ನಾಳೆ ಗುತ್ತಿಗೆದಾರ, ಸಾಹೇಬರು, ಹೊಸಬರು ಎಲ್ಲ ಗಣಿಯ ದಡದಲ್ಲಿರುತ್ತಾರೆ. ಅವರೆದುರು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಕ್ಷಮಿಸು ಅನ್ನಲು ನನಗೆ ಬಾಯಿಲ್ಲ. ನಿನಗೆ ಗೊತ್ತಿಲ್ಲದ್ದನ್ನೇನೂ ಇಲ್ಲಿ ಬರೆದಿಲ್ಲ ಖಾಜಾ. ಎಲ್ಲ ಗೊತ್ತಿದ್ದೂ ನೀನು ಸುಮ್ಮನಿದ್ದೆ — ಆ ಮೌನವನ್ನೇ ತಿಂದು ನಾನು ಬದುಕಿದೆ.