ಹೆಂಡತಿಯ ಮಾರ್ಬುರ್ಗ್

ಕೆಲವರ ಮನೆಯಲ್ಲಿ ಅತ್ತೆಯ ಕಾಟ ಇರುತ್ತದೆಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಇದ್ದದ್ದು ಜರ್ಮನಿಯ ಒಂದು ಊರಿನ ಕಾಟ. ನನ್ನ ಹೆಂಡತಿ ಸುಮತಿ ಕುಂದಾಪುರದ ಪಕ್ಕದ ಗಂಗೊಳ್ಳಿಯವಳು. ಮದುವೆಗೆ ಮೊದಲು ಕೆಲವು ವರ್ಷ ಮಾರ್ಬುರ್ಗ್ ಎಂಬಲ್ಲಿ ನರ್ಸ್ ಆಗಿದ್ದಳು. ನನ್ನನ್ನು ಕಟ್ಟಿಕೊಂಡು ಕೋಟೇಶ್ವರಕ್ಕೆ ಬಂದಾಗ ಆ ಊರೂ ಅವಳ ಜೊತೆ ಬಂದು ನಮ್ಮಲ್ಲೇ ಉಳಿಯಿತು. ರೈಲು ತಡವಾಗಲಿ, ಪಕ್ಕದವರು ಮೈಕು ಹಾಕಲಿ, ನಾನು ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಎಸೆಯಲಿ, "ನಮ್ ಮಾರ್ಬುರ್ಗಂಗೆ ಹೀಂಗಿಲ್ಲ" ಎನ್ನುತ್ತಿದ್ದಳು. ಒದ್ದೆ ಟವೆಲಿಗೂ ಒಂದು ಊರಿಗೂ ಏನು ಸಂಬಂಧವೆಂದು ನಾನು ಕೇಳುತ್ತಿರಲಿಲ್ಲ.

ಮೊನ್ನೆ ಅವಳ ಹಳೆಯ ಸಹೋದ್ಯೋಗಿ ಇಂಗ್ರಿಡ್ ತಮಗೆ ಎಪ್ಪತ್ತು ತುಂಬಿತೆಂದು ಕರೆದರು. ಕೋಟೇಶ್ವರದ ನನ್ನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಾನೂ ಅವಳ ಜೊತೆ ಹೊರಟೆ.

ಫ್ರಾಂಕ್‌ಫರ್ಟಿನಲ್ಲಿ ನಮ್ಮ ರೈಲು ತಡ. ಆಮೇಲೆ, ಅದು ಬರುವುದೇ ಇಲ್ಲ, ಮುಂದಿನದನ್ನು ಹತ್ತಿ ಎಂದರು. ಮದುವೆಯಾದಾಗಿನಿಂದ ನಾನು ಇಂಥದೊಂದು ಗಳಿಗೆಗೆ ಕಾದಿದ್ದೆ. ಬಾಯಿ ತೆರೆದವನು ಸುಮತಿಯ ಮುಖ ನೋಡಿ ಮುಚ್ಚಿದೆ. ನೆಂಟರಿಗೆ ಬಡಿಸಿದ ಮೇಲೆ ಸಾರು ಹಳಸಿದೆಯೆಂದು ಗೊತ್ತಾದಾಗ ಆಗುವಂಥ ಮುಖ ಅದು. "ಲೈನಂಗೆ ಎಂತದೋ ರಿಪೇರಿ ಇರ್ಕ್, ಬಿಡ್" ಎಂದೆ. ಆ ಊರಿನ ಪರವಾಗಿ ನಾನು ವಾದಿಸಿದ್ದು ಅದೇ ಮೊದಲು.

ಮಾರ್ಬುರ್ಗ್ ಗುಡ್ಡಕ್ಕೆ ಅಂಟಿಕೊಂಡ ಹಳೇ ಊರು. ಮೇಲೆ ಕೋಟೆ, ಕೆಳಗೆ ಹೊಳೆ, ನಡುವೆ ಬರೀ ಮೆಟ್ಟಿಲು. ಗಂಗೊಳ್ಳಿಯಲ್ಲಿ ನದಿ ಕಡಲು ಸೇರುವ ಅಳಿವೆ ಕಂಡ ಕಣ್ಣಿಗೆ ಆ ಹೊಳೆ ಒಂದು ತೋಡು. ಸುಮತಿ ಕಾಫಿ ಕುಡಿಯುತ್ತಿದ್ದ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಿದ್ದರು. ತಾನು ಬಾಡಿಗೆಗಿದ್ದ ಮನೆ ಹುಡುಕುತ್ತ ಓಣಿ ತಪ್ಪಿದಳು, ಮತ್ತೆ ತಪ್ಪಿದಳು. ಕೊನೆಗೆ ಸಿಕ್ಕಿತು; ಕಿಟಕಿಗೆ ಬೇರೆ ಯಾರದೋ ಪರದೆ. ಸ್ವಲ್ಪ ಹೊತ್ತು ನಿಂತು, "ಮೆಟ್ಲ್ ಮಾತ್ರ ಹಾಂಗೇ ಇತ್ತ್ ಕಾಣಿ" ಎಂದಳು. ಏದುಸಿರು ಬಿಡುತ್ತಿದ್ದ ನಾನು ತಲೆಯಾಡಿಸಿದೆ.

ಇಂಗ್ರಿಡ್ ಬಾಗಿಲಲ್ಲೇ ಅವಳನ್ನು ಅಪ್ಪಿಕೊಂಡರು. ಅಲ್ಲಿ ನಾನು ಇನ್ನೊಬ್ಬ ಸುಮತಿಯನ್ನು ಕಂಡೆ, ಜರ್ಮನ್‌ನಲ್ಲಿ ದನಿ ಏರಿಸಿ ಮೇಜು ಕುಟ್ಟಿ ನಗುವವಳನ್ನು. ಊಟಕ್ಕೆ ಕುಳಿತಾಗ ಇಂಗ್ರಿಡ್ ನನ್ನತ್ತ ತಿರುಗಿ ಮುರುಕು ಇಂಗ್ಲಿಷಿನಲ್ಲಿ ವಿಚಾರಿಸಿದರು. ನಿಮ್ಮಲ್ಲಿ ಮೀನು ದೋಣಿಯಿಂದ ನೇರ ಬಾಣಲೆಗೇ ಹಾರುತ್ತದಂತೆ, ಹೌದೇ? ಹೊಳೆಯ ಆಚೆ ದಡ ಕಾಣಿಸುವುದೇ ಇಲ್ಲವಂತೆ? ಹೇಳದೆ ಕೇಳದೆ ಯಾರು ಹೋದರೂ ಊಟ ಹಾಕುತ್ತಾರಂತೆ? ವಾರ್ಡಿನಲ್ಲಿ ಸೂಪು ತಣ್ಣಗಾಗಿದ್ದರೂ ಇವಳು "ನಮ್ಮ ಕುಂದಾಪುರದಲ್ಲಿ ಹೀಗಿಲ್ಲ" ಎನ್ನುತ್ತಿದ್ದಳಂತೆ.

ನಾನು ಎದ್ದು ಅವರ ಕೈ ಕುಲುಕಿದೆ. ಒಂದೇ ಕಾಯಿಲೆಯ ಇಬ್ಬರು ರೋಗಿಗಳು ಎದುರುಬದುರು ಸಿಕ್ಕಂತಾಯಿತು. ಸುಮತಿ ಬಹಳ ಶ್ರದ್ಧೆಯಿಂದ ಆಲೂಗೆಡ್ಡೆ ಕತ್ತರಿಸುತ್ತಿದ್ದಳು.

ಸಂಜೆ ನಾವಿಬ್ಬರೇ ಕೋಟೆಯ ಬಳಿ ಹೋಗಿ ಕುಳಿತೆವು. ಕೆಳಗೆ ಹೆಂಚಿನ ಮಾಡುಗಳು ಕಪ್ಪಾಗುತ್ತಿದ್ದವು. ಅವಳು ತಾನಿದ್ದ ಓಣಿಯ ಕಡೆಗೇ ನೋಡುತ್ತಿದ್ದಳು. ಹಗುರಾಗಿ ಕೇಳಬೇಕೆಂದುಕೊಂಡೇ ಕೇಳಿದೆ.

"ಇಲ್ಲೇ ಉಳ್ಕಂಡಿದ್ರೆ ಲಾಯ್ಕ್ ಆತಿತ್ತ್ ಅಂದ್ ಕಾಣತ್ತಾ ನಿಂಗೆ?"

ಅವಳು ಯೋಚಿಸಿದಳು. ಥಟ್ಟನೆ ಇಲ್ಲವೆಂದಿದ್ದರೆ ನಾನು ನಂಬುತ್ತಿರಲಿಲ್ಲ.

"ಉಳ್ಕಂಡಿದ್ರೆ ದಿನಾ ಕುಂದಾಪ್ರದ್ ಸುದ್ದಿಯೇ ಹೇಳ್ತಿದ್ದೆ. ಇಂಗ್ರಿಡ್ ಎಷ್ಟಂದ್ ಕೇಳ್ತ್ರ್, ಪಾಪ. ನೀವಾದ್ರೆ ಸುಮ್ನೆ ಕೇಳ್ತ್ರಿ."

ಎರಡು ಊರು ಇರುವವರಿಗೆ ಒಂದರಲ್ಲಿ ಕೂತು ಇನ್ನೊಂದರ ಸುದ್ದಿ ಹೇಳಲು ಒಂದು ಕಿವಿ ಬೇಕು. ಆ ಕೆಲಸಕ್ಕೆ ಅವಳು ನನ್ನನ್ನು ಆರಿಸಿಕೊಂಡದ್ದಾದರೆ ನನ್ನ ತಕರಾರಿಲ್ಲ. ಕತ್ತಲಾಗುವ ಮೊದಲು ಮೆಟ್ಟಿಲು ಇಳಿಯತೊಡಗಿದೆವು. ದಾರಿಯುದ್ದಕ್ಕೂ ಅವಳೇ ನನ್ನ ಕೈ ಹಿಡಿದಿದ್ದಳು. ಮಂಡಿನೋವು ಇರುವುದು ನನಗೆ.